ಎಂಬತ್ತೆರಡು

ಗಡಿಯ ಕಡೆ ಕಲ್ಲಿದ್ದಲು ಹೊತ್ತ ಲಾರಿಗಳ ಸಾಲು
ನಿನ್ನೆಯಿಂದ ಅಲ್ಲಾಡಿಲ್ಲ.
ಗೋಬಿಯ ಜನವರಿ. ಮೈನಸ್ ಮೂವತ್ತೊಂದು.
ಉಗುಳಿದರೆ ನೆಲ ಮುಟ್ಟುವ ಮೊದಲೇ ಗೋಲಿಯಾಗುತ್ತದೆ
ಎನ್ನುತ್ತಾರೆ ಹುಡುಗರು. ಸುಳ್ಳು, ನಾನು ನೋಡಿದ್ದೇನೆ,
ನೆಲ ಮುಟ್ಟಿದ ಮೇಲೆಯೇ.

ಗೊನ್ಚಿಗ್ ಬಂದು ನನ್ನ ಕಂಟೇನರಿನ ಬಾಗಿಲು ಬಡಿದ.
ದುಲ್ಮಾ ಅಕ್ಕಾ, ರಾತ್ರಿಯಿಡೀ ಎಂಜಿನ್ನು ಓಡುತ್ತಲೇ ಇದೆ,
ಮುಳ್ಳು ನಲವತ್ತೈದು ದಾಟುವುದಿಲ್ಲ,
ಹೀಟರು ಊದುವುದು ಬರೀ ಗಾಳಿ, ಹೊಗೆ ನೋಡಿದರೆ ಬಿಳಿ.
ರೇಡಿಯೇಟರಿನ ಮುಂದೆ ರಟ್ಟು ಕಟ್ಟಿದ್ದ,
ರಟ್ಟಿನ ಮೇಲೆ ಕಂಬಳಿ, ಕಂಬಳಿಯ ಮೇಲೆ
ಹೆಂಡತಿಯ ಹಳೆಯ ಕೋಟು, ತೋಳೆರಡನ್ನೂ ಹಿಂದಕ್ಕೆ ಬಿಗಿದು,
ಯಾರನ್ನೋ ಸೆರೆಹಿಡಿದ ಹಾಗೆ.

ಆಯಿಲಿನ ಕಡ್ಡಿ ಎಳೆದು ಮೂಸಿದೆ. ಡೀಸೆಲ್ ನಾತ.
ಉರಿಯದೆ ಉಳಿದದ್ದು ಸಿಲಿಂಡರಿನ ಗೋಡೆ ತೊಳೆದು
ಕೆಳಗಿಳಿದಿದೆ.
ಕುದ್ದು ಕೆಡುವ ಎಂಜಿನ್ನು ದಾರಿಯಲ್ಲೇ ಕೂಗಿ ಹೇಳುತ್ತದೆ,
ತಣ್ಣಗೇ ಕೆಡುವುದು ಯಾರಿಗೂ ಹೇಳುವುದಿಲ್ಲ.

ಹಸಿರು ನೀರನ್ನು ಬಕೆಟ್ಟಿಗೆ ಇಳಿಸಿ
ನಾಲ್ಕು ಬೋಲ್ಟು ಬಿಚ್ಚಿ ಮುಚ್ಚಳ ಎತ್ತಿದರೆ
ಕದವಿರಬೇಕಾದ ಕಡೆ
ಎರಡು ದುಂಡನೆಯ ಖಾಲಿ.

ಆಗಸ್ಟಿನಲ್ಲಿ ಕುದಿಯಿತು ಅಕ್ಕ, ಭಾವಮೈದ ಪುರೆವ್ ಕಿತ್ತುಹಾಕಿದ,
ಅಡ್ಡವಿಲ್ಲದಿದ್ದರೆ ನೀರು ಸಲೀಸಾಗಿ ಹರಿಯುತ್ತದೆ ಅಂದ.
ಹರಿಯಿತು. ಹರಿಯುತ್ತಲೇ ಇದೆ.
ಹರಿಯುವುದೇನು ಕಷ್ಟ?
ಒಳಗೇ ಸುತ್ತುವುದನ್ನು ಕಲಿಸಬೇಕು ನೀರಿಗೆ,
ಸಿಲಿಂಡರಿನ ಮೈ ಸವರಿ, ಅಡ್ಡದಾರಿಯಿಂದ ಪಂಪಿಗೆ ಮರಳಿ,
ಮತ್ತೆ ಸುತ್ತಿ, ತನ್ನ ಕಾವನ್ನು ತಾನೇ ಉಂಡು
ಹದಕ್ಕೆ ಬರುವವರೆಗೆ
ಹೊರಗಿನ ಗಾಳಿಯ ಮುಖ ನೋಡದ ಹಾಗೆ.

ಕಿತ್ತವು ಎಲ್ಲಿ ಎಂದೆ.
ಸಾಮಾನಿನ ಪೆಟ್ಟಿಗೆಯ ತಳದಿಂದ ಕಾಲುಚೀಲವೊಂದನ್ನು ತಂದ.
ಒಳಗೆ ಜೋಡಿ. ಹಿತ್ತಾಳೆ, ಸ್ಪ್ರಿಂಗು, ತಾಮ್ರದ ಗುಂಡಿಯೊಳಗೆ
ಹೆಬ್ಬೆರಳಿನ ಉಗುರಿನಷ್ಟು ಮೇಣ.
ಅಂಚಿನಲ್ಲಿ ಒತ್ತಿದ ಅಂಕೆ ೮೨.
ವೈರಿಲ್ಲ, ಮಿದುಳಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ.
ಮೇಣ ಕರಗಿದರೆ ಹಿಗ್ಗುತ್ತದೆ, ಹಿಗ್ಗಿದರೆ ಕಡ್ಡಿಯನ್ನು ನೂಕುತ್ತದೆ,
ಕಡ್ಡಿ ಕದವನ್ನು.
ಹಿಗ್ಗುವುದೊಂದೇ ಅದಕ್ಕೆ ಗೊತ್ತಿರುವ ಕೆಲಸ.

ಚಹಾದ ಪಾತ್ರೆಯಲ್ಲಿ ನೀರಿಟ್ಟು
ಎರಡನ್ನೂ ದಾರಕ್ಕೆ ಕಟ್ಟಿ ಇಳಿಬಿಟ್ಟೆ, ತಳ ತಾಗದಂತೆ.
ಮೊಮ್ಮಗಳು ಮರಾಲ್ ಥರ್ಮಾಮೀಟರು ಹಿಡಿದು ಕೂಗತೊಡಗಿದಳು
ಅರವತ್ತು. ಎಪ್ಪತ್ತು. ಎಪ್ಪತ್ತೆಂಟು.
ಗೊನ್ಚಿಗ್ ಬಾಗಿದ್ದ, ಮೀಸೆಯ ಮಂಜು ಕರಗಿ ಪಾತ್ರೆಗೇ ತೊಟ್ಟಿಕ್ಕಿತು.
ಎಂಬತ್ತೆರಡು.
ಬಲಗಡೆಯದು ಕೂದಲೆಳೆಯಷ್ಟು ಬಿಟ್ಟಿತು.
ತೊಂಬತ್ತು. ಕಿರುಬೆರಳು ತೂರುವಷ್ಟು.
ಎಡಗಡೆಯದು ಕುದಿವ ನೀರಿನಲ್ಲೂ
ತುಟಿಪಿಟಕ್ಕೆನ್ನಲಿಲ್ಲ.

ಅಂದರೆ ಆಗಸ್ಟಿನಲ್ಲಿ ತಪ್ಪು ಒಂದರದು,
ಶಿಕ್ಷೆ ಎರಡಕ್ಕೂ.
ಗೊನ್ಚಿಗ್ ಪುರೆವ್‌ನ ಬಗ್ಗೆ ಏನೋ ಅಂದ,
ಮಗುವಿನ ಕಿವಿಗೆ ಬೀಳದ ಹಾಗೆ.

ಬದಲಿಸಿದರೆ ಜೋಡಿಯನ್ನೇ ಬದಲಿಸು ಎನ್ನುತ್ತದೆ ಪುಸ್ತಕ.
ಬಿಡಿಭಾಗದ ಅಂಗಡಿ ಮುನ್ನೂರು ಕಿಲೋಮೀಟರ್ ದೂರ.
ನನ್ನ ಕಪಾಟಿನಲ್ಲಿದ್ದದ್ದು ಒಂದೇ ಹೊಸದು.
ಹಳೆಯದರ ಪಕ್ಕ ಕೂರಿಸಿದೆ. ಬಿಗಿಯುವಾಗ
ಸ್ಪಾನರು ಕೈಗವಸಿಗೆ ಅಂಟಿತು.

ಮೇಲಿನ ಹೋಸಿನ ಮೇಲೆ ಅವನ ಕೈ ಇರಿಸಿದೆ.
ತಣ್ಣಗಿದೆ, ಅಂದ. ಇರಲಿ.
ಮುಳ್ಳು ಐವತ್ತು. ತಣ್ಣಗಿದೆ.
ಅರವತ್ತೈದು. ತಣ್ಣಗೇ ಇದೆ ಅಕ್ಕ, ಇದೂ ಕೆಟ್ಟಿತೇ?
ಇಲ್ಲವೋ. ಕಾಯುತ್ತಿದೆ.
ಬಿಳಿ ಹೊಗೆ ತೆಳುವಾಯಿತು, ಕಾಣದಾಯಿತು.
ಆಮೇಲೆ ರಬ್ಬರಿನೊಳಗೆ ಯಾರೋ ಮಗ್ಗುಲು ಬದಲಿಸಿದ ಹಾಗೆ
ಬಂತು.
ಅವನು ಕೈ ಹಿಂದಕ್ಕೆಳೆದುಕೊಂಡ, ಮತ್ತೆ ಇಟ್ಟ.

ಕೋಟು ಬಿಚ್ಚಿ ಹೆಂಡತಿಗೆ ಕೊಡು ಎಂದೆ.
ದುಡ್ಡಿನ ಬದಲು ಒಂದು ಚೀಲ ಕಲ್ಲಿದ್ದಲು ಇಳಿಸಿದ.
ಸಾಲು ನಾಲ್ಕು ಲಾರಿಯಷ್ಟು ಮುಂದೆ ಸರಿಯಿತು.
ಅದೇ ಪಾತ್ರೆಯಲ್ಲಿ ಉಪ್ಪು ಹಾಕಿ ಹಾಲುಚಹಾ ಕಾಸಿದೆ,
ಎರಡು ಸಲ ತೊಳೆದೇ.
ಮರಾಲ್ ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟಳು.
ಅಜ್ಜೀ, ಲಾರಿ ವಾಸನೆ.