ಕಿಲೋಗೆ ಇಷ್ಟು

ದಾಬೋಲಿಮ್ಮಿನ ಬೆಲ್ಟು ಸುತ್ತಿ ಸುತ್ತಿ
ಖಾಲಿಯಾಗಿ ನಿಂತಿತು.
ಜೊತೆಗಿಳಿದವರೆಲ್ಲ ಹೋದ ಮೇಲೆ
ನೆಲ ಒರೆಸುವವಳು ಬಂದಳು.
ಕಾಲೆತ್ತು ಅಂದಳು. ಎತ್ತಿದೆ.

ಕೌಂಟರಿನ ಹುಡುಗ ಕೇಳಿದ: ಬಣ್ಣ?
ಕಪ್ಪು.
ಗುರುತು?
ಹಿಡಿಗೆ ಕೆಂಪು ರಿಬ್ಬನ್ನು.
ನಕ್ಕ. ಅವನ ಬೆನ್ನ ಹಿಂದೆ ಗೋಡೆಗೊರಗಿ
ಏಳು ಕಪ್ಪು ಪೆಟ್ಟಿಗೆ, ಐದಕ್ಕೆ ಕೆಂಪು ರಿಬ್ಬನ್ನು.

‘ಇಪ್ಪತ್ತೊಂದು ದಿನ ನೋಡಿ.
ಆಮೇಲೆ ಕಳೆದದ್ದು ಅಂತ ಲೆಕ್ಕ.’
ಅಲ್ಲಿಯವರೆಗೆ?
‘ಅಲ್ಲಿಯವರೆಗೆ ತಡವಾದದ್ದು.’

ಬೈತಖೋಲಿನ ಬಾಗಿಲಲ್ಲಿ ನಾದಿನಿ ಮೋಹಿನಿ
ಮೇಲಿಂದ ಕೆಳಗೆ ನೋಡಿದಳು ನನ್ನ:
ನಾಲ್ಕು ವರ್ಷ ಮಸ್ಕತ್ತು, ಕೈಯಲ್ಲೊಂದು ಪರ್ಸು.
ಅವಳ ಕೋಳಿ ಅದೇ ದಿನ ಒಲೆ ಹಿಂದಿನ ಬುಟ್ಟಿಯಲ್ಲಿ
ಒಂಬತ್ತು ಮೊಟ್ಟೆಯ ಮೇಲೆ ಕಾವಿಗೆ ಕೂತಿತ್ತು.
ಅದಕ್ಕೂ ಇಪ್ಪತ್ತೊಂದೇ ದಿನ.
ಅದು ಯಾರಿಗೂ ಫೋನು ಮಾಡಲಿಲ್ಲ.

ನಾನು ದಿನಾ ಮಾಡಿದೆ.
ಆ ಕಡೆಯ ಹೆಂಗಸು ಹೆಸರು ಕೇಳಿ, ನಂಬರು ಕೇಳಿ,
ಸಂಗೀತ ಹಾಕಿ ಎದ್ದು ಹೋಗುತ್ತಿದ್ದಳು.

ಹದಿನಾರನೇ ದಿನ ಟೆಂಪೋದಲ್ಲಿ ಬಂತು ಪೆಟ್ಟಿಗೆ.
ಕಪ್ಪೇ. ಕೆಂಪು ರಿಬ್ಬನ್ನೇ.
ಗಂಟು ಮಾತ್ರ ನನ್ನದಲ್ಲ.
ಬಲೆ ಹೆಣೆಯುವವರ ಮಗಳು ನಾನು, ನನ್ನ ಗಂಟು ನನಗೆ ಗೊತ್ತು;
ಇದು ಬೂಟಿನ ಲೇಸು ಕಟ್ಟುವವರ ಗಂಟು.
‘ತೂಕ ಸರಿಯಿದೆಯಲ್ಲ ಮೇಡಂ, ಇಪ್ಪತ್ತಮೂರು ಕಿಲೋ.’
ತೂಕ ಸರಿಯಿದ್ದರೆ ಯಾರ ಗಂಡನನ್ನಾದರೂ ಕಳಿಸುವಿರಾ
ಅಂದಳು ಮೋಹಿನಿ, ಫೋನಿಗೆ ಕೇಳುವ ಹಾಗೆ.

ಮೂರು ರಾತ್ರಿ ಆ ಪರರ ಪೆಟ್ಟಿಗೆ ನಮ್ಮಲ್ಲಿತ್ತು.
ಒಳಗೆಲ್ಲೋ ಒಂದು ಗಡಿಯಾರ
ನಾಲ್ಕೂವರೆಗೆ ಕೂಗುತ್ತಿತ್ತು.
ಯಾರದೋ ನಸುಕು.
ನಾನು ಎದ್ದು ಕೂರುತ್ತಿದ್ದೆ.
ಆಮೇಲೆ ಒಯ್ದರು.

ಆರು ಮರಿ ಹೊರಬಂದವು.
ಉಳಿದ ಮೂರು, ಅಲುಗಿಸಿದರೆ ನೀರು.
ಮರುದಿನ ಕೋರ್ಟಿನೆದುರಿನ ಝೆರಾಕ್ಸ್ ಅಂಗಡಿಯಲ್ಲಿ
ಅನುರಾಧಾ ಪೆಡ್ನೇಕರ ಕನ್ನಡಕ ಹಣೆಗೇರಿಸಿದಳು:
ಹೇಳು, ಒಂದೊಂದಾಗಿ. ಬೆಲೆ ಹೇಳು. ಬಿಲ್ಲು ಇದೆಯಾ?

ಖರ್ಜೂರ, ಎರಡು ಡಬ್ಬಿ.
ಮಾವನ ಮೊಣಕಾಲಿಗೆ ಪಟ್ಟಿ.
ಮೋಹಿನಿಗೆ ಅತ್ತರು, ಅರ್ಧ ಮೇಡಮ್ಮೇ ಹಚ್ಚಿ ಮುಗಿಸಿದ್ದು.
ಮಗನಿಗೆ ಶೂ. ಪಾದದುದ್ದ ಒಂದು ಗೇಣು
ಎಂದು ಫೋನಿನಲ್ಲಿ ತೋರಿಸಿದ್ದ;
ಯಾರ ಗೇಣು ಎಂದು ಕೇಳಲು ಮರೆತಿದ್ದೆ.
ಕುಕ್ಕರು ಒಂದು, ಅದರ ಹೊಟ್ಟೆಯೊಳಗೆ ಸಾಬೂನು.
ಬಿಲ್ಲು ಎಲ್ಲಿಂದ ತರಲಿ?
ಬಂಗಡೆಯ ಪಾಲಿಗೆ ಯಾರು ಬರೆಯುತ್ತಾರೆ ಬಿಲ್ಲು?
ಕೂಗಿದ್ದೇ ಬೆಲೆ, ಬೈದದ್ದೇ ರಸೀದಿ.
‘ಬಿಲ್ಲಿಲ್ಲದವರಿಗೆ ಕಿಲೋ ಲೆಕ್ಕವಂತೆ, ಬಿಡು.
ಇನ್ನೇನಿತ್ತು?’

ಒಂದು ಅಂಗಿ, ಅಂದೆ. ನೀಲಿ. ಕೆಲಸದ್ದು.
ಜೇಬಿನ ಮೇಲೆ ಬಿಳಿ ದಾರದಲ್ಲಿ ‘ಡಾಮಿ’.
ದಮಯಂತಿ ಅವರ ನಾಲಿಗೆಗೆ ಉದ್ದವಾಯಿತಂತೆ.
ಬೆಲೆ?
ಏನೂ ಇಲ್ಲ.
ಇಳಿತದ ಹೊತ್ತು ನೋಡಿ, ಒಳಗೊಂದು ಕಲ್ಲು ಕಟ್ಟಿ,
ನನ್ನ ಕೈಯಾರೆ ಕಡಲಿಗೆ ಎಸೆಯಲೆಂದೇ ತಂದದ್ದು.
ಅನುರಾಧಾ ಸೊನ್ನೆ ಒತ್ತಿದಳು.
ಕಂಪ್ಯೂಟರು ಕೆಂಪಾಯಿತು. ಸೊನ್ನೆ ನಡೆಯದು.
ನನ್ನ ಮುಖ ನೋಡಿದಳು,
ಒಂದು ರೂಪಾಯಿ ಅಂತ ಹಾಕಿದಳು.

ಹಣ ಬಂದದ್ದು ದೋಣಿಗಳು ದಡ ಹತ್ತಿದ ಮೇಲೆ, ಜೂನಿನಲ್ಲಿ.
ಮಗನಿಗೆ ಪೇಟೆಯಲ್ಲಿ ಕಾಲಿಟ್ಟು ನೋಡಿ ಶೂ ಕೊಂಡೆ.
ಉಳಿದದ್ದು ಸೊಸೈಟಿಯ ಸಾಲಕ್ಕೆ.

ಅಂಗಿಯ ತೂಕ ಮುನ್ನೂರು ಗ್ರಾಂ ಇದ್ದೀತು.
ಅದಕ್ಕೂ ಕೊಟ್ಟಿದ್ದಾರೆ, ಪೈಸೆ ಸಮೇತ.
ಯಾವ ಊರಿನ ಗೋದಾಮಿನ ಕತ್ತಲಲ್ಲೋ
ಇಸ್ತ್ರಿ ಮುರಿಯದೆ ಕೂತಿದೆ ಅದು
ಕುಕ್ಕರಿನ ಪಕ್ಕ,
ಯಾರಾದರೂ ಮುಚ್ಚಳ ತೆರೆದು ‘ಡಾಮಿ’ ಅಂದರೆ
‘ಯೆಸ್ ಮೇಡಂ’ ಎಂದು ಏಳಲು.