ನೀಲಿ ಅಂಗಿ

ಕಾರವಾರದಿಂದ ವರ್ಗ ಆಗಿ ಬಂದ ನರ್ಸಮ್ಮ,
ಸುಗಂಧಾ ಹರಿಕಂತ್ರ,
ರಾಯಚೂರು ಸ್ಟೇಷನ್ ರೋಡಿನ್ಯಾಗ
ನನ್ನ ಇಸ್ತ್ರಿ ಬಂಡಿಗೆ ಆತು ನಿಂತು ಹೇಳ್ತಾಳ:
ನಮ್ಮಲ್ಲಿ ಜೂನ್ ತಿಂಗಳು ಹರವಿದ್ದು
ಚೌತಿಗೂ ಒಣಗುವುದಿಲ್ಲ.
ಒಲೆ ಮೇಲೆ ಹಗ್ಗ ಕಟ್ಟುತ್ತೇವೆ,
ಮದುವೆಗೆ ಉಟ್ಟ ಸೀರೆಯೂ ಹೊಗೆ ನಾರುತ್ತದೆ.
ಮಳೆ ಹೋದರೆ ಬೆವರು,
ಡಿಸೆಂಬರಿನಲ್ಲೂ ಕೊರಳಿಗೆ ಜೋತ ಕೂಸು,
ಇಳಿ ಎಂದರೆ ಇಳಿಯುವುದಿಲ್ಲ.

ನಾ ನಗ್ತೀನಿ.
ಇಲ್ಲಿ ಹಿಂಡಿ, ಝಾಡಿಸಿ, ಹಗ್ಗಕ್ಕ ಹಾಕೂದ್ರಾಗ
ಒಂದು ತೋಳು ಒಣಗಿರ್ತದ.
ಏಪ್ರಿಲ್ ಬಂತಂದ್ರ
ಕೆಂಡ ಯಾವುದು, ಗಾಳಿ ಯಾವುದು,
ಪೆಟ್ಟಿಗೀಗೇ ಗೊತ್ತಾಗಂಗಿಲ್ಲ.
ಬೆವರು ನಾವು ಕಂಡೇ ಇಲ್ಲ ಬಾಯಿ,
ಹುಟ್ಟಿದಲ್ಲೇ ಬಿಸಿಲು ಕುಡದುಬಿಡ್ತದ.

ಆಕಿ ಡ್ಯೂಟಿ ಅಂಗಿ ಹಾಸಿದೆ.
ನಾಕು ದಿನದಿಂದ ನಳ ಬಂದಿಲ್ಲ ಕ್ವಾರ್ಟರ್ಸಿಗೆ,
ತೊಳೀದೇ ತಂದಾಳ.
ನೀಲಿ ಬೆನ್ನಿನ ಮ್ಯಾಲ ಬೆಳ್ಳನ ಗೆರಿ,
ಅದರಾಚಿಗೆ ಇನ್ನೊಂದು,
ಸೊಟ್ಟ, ಉಪ್ಪುಪ್ಪು.

ನೀರಿನ ಬಾಟ್ಲಿ ಎತ್ತಿದ್ದೆ.
ತಡಿ, ಅಂದಳು.
ಬೆರಳು ಗೆರಿಗುಂಟ ಹೋತು
ಹೆಗಲಿಂದ ಸೊಂಟದ ತನಕ:
ಭರತ ಇಳಿದ ಮೇಲೆ
ನಮ್ಮ ದಂಡೆ ಹೀಗೇ ಇರ್ತದೆ.

ಅಳಿಸಲೇನು? ಅಂದೆ.
ಬಸ್ಸಿನ ಹಾರ್ನಿಗೆ ಕೇಳಲಿಲ್ಲೋ ಏನೋ,
ಕಾಲರಿನಿಂದ ಸುರು ಮಾಡಿದೆ.