ಳ ಅಂದರೆ ಕಾಲು

ಅಕ್ಕಲಕೋಟೆ ಕಚೇರಿಯಿಂದ ಬಂದ ಸುತ್ತೋಲೆ.
ಈ ಸಲ ಮರಾಠಿ ಅಲ್ಲ, ಕನ್ನಡದಾಗ ಕಳಿಸ್ಯಾರ ನೋಡ್ರಿ
ಅಂದರು ಹತ್ತೂರೆ ಮಾಸ್ತರರು,
ಅಕ್ಷರ ಅಂದ್ರ ಮುತ್ತು ಪೋಣಿಸಿದಂಗ.
ನಾನು ಕಿವಿಗೆ ತಂತಿ ಸಿಕ್ಕಿಸಿಕೊಂಡೆ.
ಲ್ಯಾಪ್‌ಟಾಪಿನೊಳಗಿನ ಹೆಂಗಸು
ಉಸಿರೂ ತೆಗೆದುಕೊಳ್ಳದೆ ಸುರುಮಾಡಿದಳು:
ಪಿ. ಏ ಗ್ರೇವ್. ಪೌಂಡ್. ಏ ಗ್ರೇವ್.
ಶಾರ್ಪ್ ಎಸ್. ಕ್ಯೂ. ಏ ಗ್ರೇವ್.

ಅದು 'ಕನ್ನಡ' ಅನ್ನುವ ಮಾತು ಎಂದು ತಿಳಿಯಲು
ನನಗೆ ಎರಡು ರಾತ್ರಿ ಹಿಡಿಯಿತು.

ಹಳೆಯ ಫಾಂಟು. ಪರದೇಶಿ ಅಕ್ಷರಗಳು
ಕನ್ನಡದ ಅಂಗಿ ತೊಟ್ಟು ಸಾಲಾಗಿ ನಿಂತಿವೆ.
ಕಣ್ಣಿದ್ದವರು ಅಂಗಿ ನೋಡುತ್ತಾರೆ.
ನನಗೆ ಒಳಗಿನವರ ಕೂಗಷ್ಟೇ ಕೇಳುತ್ತದೆ.

ಬಿಡಲಿಲ್ಲ. ಕರೆಂಟು ಹೋದ ರಾತ್ರಿ
ಊರಿಗೆಲ್ಲ ಕತ್ತಲು, ನನಗೇನು,
ಬ್ಯಾಟರಿ ಮುಗಿಯುವ ತನಕ ನನ್ನದು ಹಗಲು.
ರೊಟ್ಟಿ, ಶೇಂಗಾ ಹಿಂಡಿ ಪಕ್ಕಕ್ಕಿಟ್ಟು
ಒಂದೊಂದೇ ಹೆಸರು ಹಿಡಿದು ಕೇಳಿದೆ, ನೀನು ಯಾರಪ್ಪ?

ನ ಅಂದರೆ ಇಂಗ್ಲೆಂಡಿನ ಪೌಂಡು.
ಪ ಅಂದರೆ ಜಪಾನಿನ ಯೆನ್.
ಶ, ಕೂಡಿಸುವ ಕಳೆಯುವ ಗುರುತು, ಎರಡೂ ಒಟ್ಟಿಗೆ.
ಲ ಅಂದರೆ ರಿಜಿಸ್ಟರ್ಡ್, ಯಾವ ಕಂಪನಿ
ಯಾವಾಗ ಬರೆಸಿಕೊಂಡಿತೋ ಗೊತ್ತಿಲ್ಲ.
ಳ ಅಂದರೆ ಕಾಲು.
ಒಂದರಲ್ಲಿ ನಾಲ್ಕನೇ ಪಾಲು.
ಅದೊಂದು ಅಕ್ಷರ ಗಡಿಯ ಎರಡೂ ಮಂದಿಯ ನಾಲಿಗೆಗೆ ಸಲೀಸು,
ಅದನ್ನೂ ಪಾಲು ಮಾಡಿಟ್ಟಿದ್ದಾರೆ.
ನಮ್ಮ ತಡವಳ, ಊರ ಹೆಸರೇ ಕೊನೆಗೆ ಕಾಲು ಚಾಚಿ ಕೂತಿದೆ.

ಹನ್ನೆರಡನೇ ರಾತ್ರಿ ಸಾಲು ಕೂಡಿಬಂತು:
ಎಲ್ಲ ಶಾಲೆಗಳಿಗೆ ತಿಳಿಸುವುದೇನೆಂದರೆ
ದಿವ್ಯಾಂಗ ಶಿಕ್ಷಕರು ತಮ್ಮ ಅಡಚಣೆಗಳನ್ನು
ಈ ಕೆಳಗಿನ ನಮೂನೆಯಲ್ಲಿ ತುಂಬಿ
ಹದಿನೈದನೇ ತಾರೀಖಿನೊಳಗೆ ಸಲ್ಲಿಸತಕ್ಕದ್ದು.

ಅವತ್ತು ಹತ್ತೊಂಬತ್ತು.

ಆರನೇ ಇಯತ್ತೆಯ ನದಾಫರ ಮೆಹಜಬೀನ
ಬಾಗಿಲಲ್ಲಿ ನಿಂತು ಎಷ್ಟು ದಿನ ಕೇಳಿದಳೋ.
ಸರ, ಇದು ಯಾ ಭಾಷಾರಿ, ನಮಗೂ ಕಲಸ್ರಿ.
ಕಲಿಸಬಾರದಿತ್ತು.
ಒಂದೇ ವಾರದಲ್ಲಿ ಶಾಲೆಯ ಚ-ಭಾಷೆ ಹಳತಾಯಿತು.
ಲಗೋರಿ ಆಟದಲ್ಲಿ ಸೆಕ್ಷನ್, ಪ್ಲಸ್ ಮೈನಸ್ ಎಂದು ಬೈದಾಡಿದರು.
ನಾಗಯ್ಯ ಮಾಸ್ತರ ಹೋಗಿ
ಬೆನ್ನ ಹಿಂದೆ ಪೌಂಡ್ ಸರ ಆದೆ.
ಗೊತ್ತು. ಕಿವಿ ಇದೆಯಲ್ಲ.

ಮನವಿ ಬರೆದೆ. ಚಿಕ್ಕದು.
ಗಾರೆ ಬೇಡ, ಇಟ್ಟಿಗೆ ಬೇಡ, ಅನುದಾನ ಬೇಡ,
ಯುನಿಕೋಡಿನಲ್ಲಿ ಬರೆದು ಕಳಿಸಿ ಸಾಕು.
ಇದು ತಮ್ಮ ಬೆರಳಿಗೆ ಹೆಚ್ಚಿನ ಕೆಲಸವಲ್ಲ.

ಕುಸುಬೆ ಕೊಯ್ಲು ಮುಗಿದು, ಮಾಸ್ತರರು ಮದುವೆ ಉಂಡು ಬಂದು,
ಮರೆತೇಹೋಗಿದ್ದಾಗ
ಫೋನು ನಡುಗಿತು. ಉತ್ತರ.
ಹೆಂಗಸು ಒಂದೇ ಮಾತು ಆಡಿದಳು: ಚಿತ್ರ.
ಮತ್ತೆ ಒತ್ತಿದೆ. ಚಿತ್ರ.
ಬೆರಳು ಹೊರಳಿಸಿದೆ ಮೇಲೆ, ಕೆಳಗೆ, ಅಂಚಿಗೆ.
ಗಾಜಿನ ಮೇಲೆ ಎಲ್ಲಿ ಮುಟ್ಟಿದರೂ
ಅದೇ ನುಣುಪು, ಅದೇ ಚಿತ್ರ.

ಮೆಹಜಬೀನಳನ್ನು ಕರೆದೆ.
ಕಾಗದ ಫ್ಯಾನಿನ ಗಾಳಿಗೆ ಹಾರದಂಗ ಒತ್ತಿ ಹಿಡದು
ಫೋಟೋ ತಗದಾರ್ರಿ ಸರ, ಅಂದಳು.
ಓದು.
ಓದಿದಳು, ಪ್ರತಿ ಒತ್ತಕ್ಷರಕ್ಕೂ ಒಂದು ಉಸಿರು:
ವಿಷಯ. ಉಲ್ಲೇಖ. ಮಾನ್ಯರೇ.
ತಮ್ಮ ಮನವಿಯನ್ನು
ಕೂಲಂಕಷವಾಗಿ ಪರಿಶೀಲಿಸಿ
ಪರಿಗಣಿಸಲಾ...

ನಿಂತಳು.
ಲಾ, ಮುಂದ? ಗಿದೆಯೋ, ಗದೋ?

ಮುಂದ ಯಾರದೋ ಹೆಬ್ಬೆಟ್ಟ ಅದರಿ ಸರ,
ಉಗುರಿನ್ಯಾಗ ನೀಲಿ ಮಸಿ.
ಫೋನು ವಾರೆ ಹಿಡಿದಳು, ಬಿಸಿಲಿಗೆ ಹಿಡಿದಳು,
ಎರಡು ಬೆರಳಲ್ಲಿ ಎಳೆದು ದೊಡ್ಡದು ಮಾಡಿದಳು.

ನನಗೂ ಕಾಣವಲ್ದು.